ಸುಳ್ಳು ಹೇಳುವ ದೊನ್ಯಾ ಓಫಿರ್

ಊರೆಲ್ಲ ಗೌರವದಿಂದ ದೊನ್ಯಾ ಎಂದು ಕರೆಯುವ ಓಫಿರ್ ತಾಂಗರೀಫೆಯವರು ಸುಳ್ಳು ಹೇಳುವಾಗ ದನಿ ತಗ್ಗಿಸುತ್ತಿರಲಿಲ್ಲ, ಕಣ್ಣು ತಪ್ಪಿಸುತ್ತಿರಲಿಲ್ಲ. ಎದುರಿಗಿದ್ದವರ ಮುಂಗೈ ಮೇಲೆ ತಮ್ಮ ಒರಟು ಅಂಗೈಯನ್ನಿಟ್ಟು, ದೇವರೆದುರು ಪ್ರಮಾಣ ಮಾಡುವವರಷ್ಟು ಗಂಭೀರವಾಗಿ ಹೇಳುತ್ತಿದ್ದರು. ಎಂದೋ ಮಣ್ಣಾದ ತಾಯಿ ಸಂತೆಗೆ ಹೋಗಿದ್ದಾಳೆ, ಇನ್ನೇನು ಬಂದುಬಿಡುತ್ತಾಳೆ. ಮಾರಿಹೋದ ಕುದುರೆ ಲಾಯದಲ್ಲೇ ಇದೆ, ಹುಲ್ಲು ಹಾಕಿಯಾಯಿತು. "ಸುಳ್ಳು ಹೇಳೋಕೇ ಅಲ್ವೇನ್ರೀ ಹಾಲಿನ ಕಂಪನಿ ನಂಗೆ ಸಂಬಳ ಕೊಡೋದು" ಎಂದು ಚರ್ಚಿನ ಮೆಟ್ಟಿಲ ಮೇಲೆ ನಿಂತು ಪಾದ್ರಿಗೇ ಹೇಳಿದ್ದರು. ಬುದ್ಧಿ ನೆಟ್ಟಗಿರುವ ನಮ್ಮಂಥವರಿಗೆ ಮಾತ್ರ ಅವರಿಂದ ಸಿಗುತ್ತಿದ್ದುದು ಹಸಿ ನಿಜ. ಔಷಧಿ ಅಂಗಡಿಯವನ ಹೊಸ ಮೀಸೆಯನ್ನು ನೋಡಿ, "ತೆಗೆಸಿಬಿಡು ಮಗಾ, ನಿನ್ನ ಹೆಂಡತಿ ಹೇಳೋಕೆ ನಾಚ್ಕೊಳ್ತಿದ್ದಾಳೆ" ಅಂದವರು ಅವರೇ.

ನಮ್ಮೂರು ಅಗ್ವಾಫ್ರಿಯಾದಲ್ಲಿ ಹಾಲಿನ ಕಾರ್ಖಾನೆಗೆ ದುಡಿಯದ ಮನೆಯಿಲ್ಲ. ಮರೆವಿನ ಬೇನೆ ಹೊಗದ ಮನೆತನಗಳೂ ಬಹಳವಿಲ್ಲ. ಮೆದೆಯೀನ್ ನಗರದ ವೈದ್ಯರು ಅದಕ್ಕೆ ಉದ್ದದ ಹೆಸರಿಟ್ಟಿದ್ದಾರೆ, ಊರವರು 'ಪೆದ್ದುಬೇನೆ' ಎನ್ನುತ್ತಾರೆ. ರಕ್ತದಲ್ಲಿ ಇಳಿದು ಬರುವ ಈ ಬೇನೆ ಮುಪ್ಪಿಗಾಗಿ ಕಾಯುವುದಿಲ್ಲ. ಮಕ್ಕಳ ಮದುವೆಯ ಮಾತು ನಡೆಯುವ ನಲವತ್ತೈದರ ಆಸುಪಾಸಿನಲ್ಲೇ ಮನೆಯೊಳಗೆ ಬಂದು ಕೂರುತ್ತದೆ. ಓಫಿರ್ ಅವರ ತಾಯಿಗೆ ಬಂತು, ಇಬ್ಬರು ಚಿಕ್ಕಮ್ಮಂದಿರಿಗೆ ಬಂತು, ಹಾಲಿನ ಲಾರಿಗೆ ಕ್ಯಾನ್ ಹತ್ತಿಸುತ್ತಿದ್ದ ತಮ್ಮ ಎವೆಲಿಯೊಗೂ ಬಂತು. ಅವರಿಗೆ ಮಾತ್ರ ಐವತ್ತು ಸಮೀಪಿಸಿದರೂ ಬರಲಿಲ್ಲ. ಪಾರಾದರು ಎಂದು ಊರೇನೋ ಹೇಳುತ್ತಿತ್ತು, ಆದರೆ ಅಂಗಡಿಯಲ್ಲಿ ಅವರು ಚಿಲ್ಲರೆ ಮರೆತು ಹೊರಟರೆ ಹಿಂದಿದ್ದವರೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರು. ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದ ವೈದ್ಯರಿಗೆ, "ಗೊತ್ತಾಗಿ ಏನ್ ಮಾಡ್ಲಿ? ಇವತ್ತಿಂದ್ಲೇ ಮರೆಯೋಕೆ ಶುರು ಹಚ್ಕೊಳ್ಲಾ?" ಎಂದು ಬೆನ್ನು ತಿರುಗಿಸಿ ಬಂದಿದ್ದರು.

ಕಾರ್ಖಾನೆಯ ಸೈರನ್ ಮಧ್ಯಾಹ್ನ ಎರಡಕ್ಕೆ ಕೂಗುತ್ತದೆ. ಹೆಂಡತಿಯ ಹೆಸರು ಮರೆತವನಿಗೂ ಆ ಕೂಗು ಮರೆಯುವುದಿಲ್ಲ; ಕೇಳಿದೊಡನೆ ಬೇನೆಯ ಮಂದಿ ಎದ್ದು ಪಾಳಿಗೆ ಹೊರಟುಬಿಡುತ್ತಾರೆ, ಅಗುಳಿಯಿದ್ದರೆ ಬಾಗಿಲನ್ನೇ ಗುದ್ದುತ್ತಾರೆ. ಹಿಂದೆ ಅವರನ್ನು ಮಂಚಕ್ಕೆ ಕಟ್ಟಿಹಾಕುತ್ತಿದ್ದರು. ನೌಕರರ ಕ್ಷೇಮ ನೋಡಿಕೊಳ್ಳುತ್ತಿದ್ದ ಓಫಿರ್, ಕಂಪನಿಯ ಯಜಮಾನರ ಮುಂದೆ ಕೂತು ಹಟ ಹಿಡಿದರು: ನಿಮಗಾಗಿ ಸವೆದ ಕಾಲುಗಳು ನಿಮ್ಮ ಬಾಗಿಲಿಗೇ ಬರುತ್ತಿವೆ, ಬಾಗಿಲು ತೆಗೆಯಿರಿ. ತೆಗೆದರು. ಸೈರನ್ ಕೂಗುವ ಹೊತ್ತಿಗೆ ಬಿಳಿ ಟೋಪಿಯ ಕೆಲಸಗಾರರು ಬೀದಿಯ ಮೂಲೆಮೂಲೆಯಲ್ಲಿ ನಿಂತು, ಬಂದವರ ಜೊತೆಜೊತೆಗೇ ಹೆಜ್ಜೆ ಹಾಕಿ, ಗೇಟಿನ ಪಕ್ಕದ ಹಜಾರಕ್ಕೆ ಕರೆತರುವುದು ಪದ್ಧತಿಯಾಯಿತು. ಅಲ್ಲಿ ಅವರಿಗೆ ಏಪ್ರನ್ ಉಂಟು, ಚೀಸು ಸುತ್ತುವ ಕಾಗದವನ್ನು ನೀವಿ ಜೋಡಿಸುವ ಕೆಲಸವುಂಟು, ಬಿಸಿ ಬೆಲ್ಲದ ನೀರುಂಟು. ಅಷ್ಟು ಹೊತ್ತು ಮನೆಯಲ್ಲಿ ಹೆಂಡತಿಯೋ ಮಗಳೋ ನಿದ್ದೆ ಮಾಡುತ್ತಾಳೆ. ತಮ್ಮ ಒಪ್ಪಿಗೆಯಿಲ್ಲದೆ ಸೈರನ್ ಬೇರೆ ವೇಳೆಗೆ ಕೂಗಕೂಡದು ಎಂಬ ಕಟ್ಟಪ್ಪಣೆಯನ್ನೂ ಅವರೇ ಮಾಡಿಸಿದ್ದರು.

ಕಂಪನಿಗೆ ಯಾರು ಸೇರಿದರೂ, ವ್ಯವಸ್ಥಾಪಕನಾದರೂ ಸರಿ, ಮೊದಲು ಓಫಿರ್ ಅವರ ಪಾಠಕ್ಕೆ ಕೂರಬೇಕು. ಕಾರ್ಖಾನೆಯ ಶೀತಲಕೋಣೆಯಲ್ಲಿ ತೊಡುವ ದಪ್ಪ ನೀಲಿ ಕೋಟನ್ನು ಬೇಸಿಗೆಯಲ್ಲೂ ಬಿಚ್ಚದ ಅವರು, ಅದರ ಕಾಲರನ್ನು ಕಿವಿಗೇರಿಸಿ, ತಾವೇ ರೋಗಿಯಾಗಿ ನಟಿಸುತ್ತಿದ್ದರು. "ಬಿಡಪ್ಪಾ, ಹೋಗ್ಬೇಕು, ಅಮ್ಮ ಕಾಯ್ತಿದ್ದಾಳೆ" ಎಂದು ಅವರು ಗೋಗರೆದಾಗ, ಆಗಷ್ಟೇ ವ್ಯವಸ್ಥಾಪಕನಾಗಿ ಬಂದಿದ್ದ ಲಿಸಾರ್ದೊ ಎಂಬ ತರುಣ, "ನಿಮ್ಮಮ್ಮ ತೀರಿಕೊಂಡಿದ್ದಾರೆ" ಎಂದು ವಿನಯದಿಂದಲೇ ತಿದ್ದಿದ. ಓಫಿರ್ ಮೇಜು ಗುದ್ದಿದರು. "ಈಗ ನನ್ನಮ್ಮನ್ನ ಕೊಂದೆ. ನಂಗೆ ಮರೆತುಹೋಗುತ್ತೆ. ನಾಳೆ ಮತ್ತೆ ಕೇಳ್ತೀನಿ, ಮತ್ತೆ ಕೊಲ್ತೀಯಾ?" ಮರುವಾರ ಬೇನೆಯ ಮುದುಕನೊಬ್ಬನ ಮುಂಗೈ ಮೇಲೆ ಕೈಯಿಟ್ಟು ಲಿಸಾರ್ದೊ ನಿರರ್ಗಳವಾಗಿ ಸುಳ್ಳು ಹೇಳುತ್ತಿದ್ದುದನ್ನು ಕಂಡು ಓಫಿರ್ ತುಂಬ ಹೆಮ್ಮೆಪಟ್ಟರು.

ಹಜಾರಕ್ಕೆ ಐದು ವರ್ಷ ತುಂಬಿದ ಸಮಾರಂಭದ ದಿನ ಈ ವ್ಯವಸ್ಥೆಯೇ ತಿರುಗಿಬಿತ್ತು. ರಾಜಧಾನಿಯಿಂದ ಅತಿಥಿಗಳು ಬಂದಿದ್ದರು, ಬೇನೆಯ ಮಂದಿಯನ್ನೂ ಬೆಳಿಗ್ಗೆಯೇ ಹಜಾರಕ್ಕೆ ಕರೆತಂದಿದ್ದರು. ಗಂಡನನ್ನು ವರ್ಷಗಟ್ಟಲೆ ನೋಡಿಕೊಂಡದ್ದಕ್ಕಾಗಿ ಎವೆಲಿಯೊನ ಹೆಂಡತಿ ನೂಬಿಯಾಳಿಗೆ ಅಂದು ಸನ್ಮಾನ. ಅವನಿಗೆ ಹಿಂದಿನ ರಾತ್ರಿಯಿಂದ ಜ್ವರವಿದ್ದುದರಿಂದ, ಮಲಗಿದ್ದವನನ್ನು ತನ್ನ ತಾಯಿಯ ವಶಕ್ಕೆ ಬಿಟ್ಟು ಬಂದಿದ್ದಳು. ಅವಳ ಕೈಗೆ ಹೂಗುಚ್ಛ ಬಂದ ಕ್ಷಣಕ್ಕೆ ಸರಿಯಾಗಿ, ಬೆಳಗಿನ ಹನ್ನೊಂದಕ್ಕೆ, ಸೈರನ್ ದೀರ್ಘವಾಗಿ ಕೂಗಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಓಫಿರ್ ಥಟ್ಟನೆ ಎದ್ದು ನಿಂತರು. ಊರಿನ ಯಾವ ಮೂಲೆಯಲ್ಲೂ ಆಗ ಬಿಳಿ ಟೋಪಿಯಿರಲಿಲ್ಲ. ಟೋಪಿಗಳೆಲ್ಲ ಈ ಹಜಾರದಲ್ಲೇ ಕೂತು ಚಪ್ಪಾಳೆ ತಟ್ಟುತ್ತಿದ್ದವು.

"ಎವೆಲಿಯೊ!" ಎಂದು ನೂಬಿಯಾ ಹೂವನ್ನು ಅಲ್ಲೇ ಬಿಸುಟು ಮನೆಗೆ ಓಡಿದಳು. ಬಾಗಿಲು ಹಾರುಹೊಡೆದಿತ್ತು, ಮುದುಕಿ ಹೊಸ್ತಿಲಲ್ಲಿ ಕೂತು ಅಳುತ್ತಿದ್ದಳು. ಟೋಪಿಯವರು ಕಾರ್ಖಾನೆಯ ದಾರಿಯನ್ನೆಲ್ಲ ಜಾಲಾಡಿದರು, ಅವನಿಲ್ಲ. ತಮ್ಮನ ಕೆಲಸ ಕಾರ್ಖಾನೆಯೊಳಗಿನದಲ್ಲ, ಲಾರಿಯದು ಎಂಬುದು ಓಫಿರ್ ಅವರಿಗೆ ಹೊಳೆದದ್ದೇ ತಡ, ಕೋಟು ಹಾರಾಡಿಸುತ್ತ ಹಳೆಯ ಸೇತುವೆಯ ಕಡೆ ಓಡಿದರು. ಹಿಂದೆ ಹಾಲಿನ ಲಾರಿ ನಿಲ್ಲುತ್ತಿದ್ದುದು ಅಲ್ಲಿ. ಪ್ರವಾಹಕ್ಕೆ ಸೇತುವೆಯ ಕೈಗಂಬಿಗಳು ಕೊಚ್ಚಿಹೋಗಿದ್ದವು.

ಎವೆಲಿಯೊ ಸೇತುವೆಯ ಅಂಚಿನಲ್ಲೇ ಇದ್ದ. ಬರಿಗಾಲು, ಮೇಲೊಂದು ರುವಾನಾ ಎಂಬ ಉಣ್ಣೆಯ ಹೊದಿಕೆ. ಎರಡೂ ತೋಳನ್ನು ಕ್ಯಾನು ಹಿಡಿಯುವವನಂತೆ ನದಿಯ ಕಡೆ ಚಾಚಿ ನಿಂತಿದ್ದ. ಹಿಂದೆ ಬಂದ ನೂಬಿಯಾ ಕೂಗಲು ಬಾಯಿ ತೆರೆದಾಗ ಓಫಿರ್ ಅವಳ ಬಾಯಿಗೇ ಕೈ ಒತ್ತಿದರು. ಆಮೇಲೆ, ಹಾರಾಡುತ್ತಿದ್ದ ಕೋಟಿಗೆ ಗುಂಡಿ ಹಾಕಿಕೊಂಡು, ಸಂತೆಗೆ ಹೊರಟವರಂತೆ ನಿಧಾನವಾಗಿ ನಡೆದುಹೋದರು.

"ಎವೆಲಿಯೊ, ಲಾರಿ ಕೆಟ್ಟು ನಿಂತಿದೆ ಕಣೋ. ಇವತ್ತು ರಜ."

ಅವನು ತಿರುಗಲಿಲ್ಲ. "ಹಾಲು ಹುಳಿಯಾಗಲ್ವೇನಕ್ಕ?"

"ಚೀಸು ಮಾಡ್ತಾರಂತೆ. ನಂಗೆ ಕಾಲು ನೋಯ್ತಿದೆ, ಮನೆ ತನಕ ಕೈ ಹಿಡ್ಕೊ ಬಾ."

ಅವನು ಯೋಚಿಸಿದ. ಹಿಮ್ಮಡಿಯ ಅಡಿಯಿಂದ ಸಣ್ಣ ಕಲ್ಲೊಂದು ಜಾರಿ ನೀರಿಗೆ ಬಿತ್ತು. ಆಮೇಲೆ, ಅಕ್ಕನ ಕಾಲು ನೋಯುತ್ತಿದೆಯೆಂಬ ಮರುಕದಿಂದ, ಅವನು ಈಚೆ ಬಂದು ತೋಳು ಕೊಟ್ಟ.

ಅವನನ್ನು ಹಜಾರದಲ್ಲಿ ಬೆಚ್ಚಗೆ ಕೂರಿಸಿದ ಮೇಲೆ ಓಫಿರ್ ಅವರ ಸಿಟ್ಟು ನೆತ್ತಿಗೇರಿತು. "ನನ್ನ ಕೇಳ್ದೆ ಸೈರನ್ ಒತ್ತೋ ಧೈರ್ಯ ಯಾವನಿಗೆ ಬಂತು? ನನ್ನ ತಮ್ಮ ಸಾಯ್ತಿದ್ದ!"

ಗೇಟಿನ ಕಾವಲುಗಾರ ಒತೊನಿಯೆಲ್ ತಡೆಯಲಾರದೆ, "ನಿನ್ನೆ ನೀವೇ ಅಲ್ವಾ ದೊನ್ಯಾ, ಒತ್ರಪ್ಪಾ, ಅತಿಥಿಗಳಿಗೂ ಕೇಳ್ಲಿ ಅಂತ..." ಎಂದ. ಲಿಸಾರ್ದೊ ಅವನನ್ನು ಕಣ್ಣಲ್ಲೇ ಗದರಿಸಿದ, ಮುಂದೆ ಬಂದು ಓಫಿರ್ ಅವರ ಮುಂಗೈ ಮೇಲೆ ಅಂಗೈಯಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: "ತಪ್ಪು ನಂದು ದೊನ್ಯಾ ಓಫಿರ್. ನಿಮ್ಮನ್ನ ಕೇಳ್ದೆ ನಾನೇ ಒತ್ತಿಸ್ದೆ."

ಓಫಿರ್ ಆ ಕೈಯನ್ನು ನೋಡಿದರು.

"ಕೈ ತೆಗಿ ಮಗಾ. ಹೀಗೆ ಕೈ ಇಡೋದನ್ನ ನಿಂಗೆ ಕಲ್ಸಿದ್ದೇ ನಾನು. ನಿಜ ಹೇಳು, ನಾನು ಒಪ್ಪಿದ್ನಾ?"

"...ಒಪ್ಪಿದ್ರಿ. ನಾವೆಲ್ಲಾ ಇದ್ವಿ."

ಅವರು ಕೂತರು. ಆ ಮಾತು ಆಡಿದ್ದಿರಲಿ, ಕೇಳಿದ ನೆನಪೂ ಅವರಲ್ಲಿರಲಿಲ್ಲ, ಹುಡುಕಿದಲ್ಲೆಲ್ಲ ಬರಿದು. ಅವರಿಗೆ ಭಯವಾಯಿತು, ಸೇತುವೆಯ ಮೇಲೆ ಆದದ್ದಕ್ಕಿಂತ ಹೆಚ್ಚು. ಸಮಾರಂಭದ ಗಡಿಬಿಡಿ ಅತ್ತಿಗೆ, ಯಾರಿಗಾದರೂ ಮರೆಯುತ್ತೆ, ಎಂದು ನೂಬಿಯಾ ಸಮಾಧಾನ ಹೇಳಿದಳು. ಅದು ನಿಜವೂ ಇದ್ದೀತು. ಆದರೆ ತಾಂಗರೀಫೆ ಮನೆತನದವರಿಗೆ 'ಯಾರಿಗಾದರೂ' ಎಂಬ ಮಾತಿನ ನೆರಳಿನಲ್ಲಿ ನಿಲ್ಲುವ ಭಾಗ್ಯವಿಲ್ಲ.

"ಇವತ್ತಿಂದ ಸೈರನ್ನಿನ ಅಪ್ಪಣೆ ನೂಬಿಯಾದು" ಎಂದರು ಓಫಿರ್. "ಇನ್ನೊಂದು. ನಂಗೆ ಸುಳ್ಳು ಹೇಳ್ಬೇಕಾದ ದಿನ ಬಂದ್ರೆ, ಮೊದ್ಲು ನಂಗೆ ತಿಳಿಸ್ಬೇಕು."

ಲಿಸಾರ್ದೊನ ಕಣ್ಣು ತುಂಬಿತ್ತು. "ಆ ದಿನ ತಿಳಿಸಿದ್ರೂ ನಿಮಗೆ ತಿಳಿಯಲ್ಲ ದೊನ್ಯಾ."

"ಹೌದಲ್ಲ." ಅವರು ನಕ್ಕರು, ನಗುತ್ತಲೇ ಅತ್ತರು. "ಹಾಗಾದ್ರೆ ನನ್ನ ಮುಖಕ್ಕೆ ಸುಳ್ಳು ಹೇಳೋ ಹಕ್ಕು ನೂಬಿಯಾಗೊಬ್ಬಳಿಗೇ. ಬೇರೆ ಯಾರ್ದನ್ನೂ ನಾನು ನಂಬಲ್ಲ."

"ಅತ್ತಿಗೇ, ನಂಗೆ ಸುಳ್ಳು ಹೇಳೋಕೇ ಬರಲ್ಲ."

"ಕಲಿ. ನಾಳೆಯಿಂದ್ಲೇ ಪಾಠ."

ಪರರನ್ನು ನೋಡಿಕೊಳ್ಳುವುದನ್ನೇ ಬಾಳಾಗಿಸಿಕೊಂಡವರು ಎಲ್ಲ ಊರುಗಳಲ್ಲೂ ಇದ್ದಾರೆ. ಅನ್ನ, ನಿದ್ದೆ, ಆಯುಷ್ಯ, ಏನು ಕೊಡಲೂ ಅವರು ಹಿಂಜರಿಯುವುದಿಲ್ಲ. ತಮ್ಮನ್ನೇ ಇನ್ನೊಬ್ಬರ ಕೈಗೆ ಕೊಡಬೇಕಾಗಿ ಬಂದಾಗ ಮಾತ್ರ ಕಲ್ಲಾಗಿಬಿಡುತ್ತಾರೆ, ಕೊನೆಗೆ ಯಾವುದೋ ಕೈ ಅವರನ್ನು ಕೇಳದೆಯೇ ಎತ್ತಿಕೊಂಡು ಹೋಗುತ್ತದೆ. ಅವರಲ್ಲಿ ತೀರ ಕೆಲವರು, ಬುದ್ಧಿ ತಮ್ಮದಾಗಿರುವಾಗಲೇ, ಮುಂದೆ ಯಾರ ಸುಳ್ಳನ್ನು ನಂಬಿ ಬದುಕಬೇಕು ಎಂಬುದನ್ನು ತಾವೇ ಆರಿಸಿಕೊಳ್ಳುತ್ತಾರೆ.