ಎರಡೇ ದಿನಕ್ಕೆ ಬಂದ ಭಾಮೈದ

ಅವನು ನಟನಾದದ್ದು ಸೋಫಾ ಹೊತ್ತುಕೊಂಡು ಹೋಗಿ.

ಪೀಠೋಪಕರಣದ ಅಂಗಡಿಯಲ್ಲಿ ಸಾಮಾನು ತಲುಪಿಸುವ ಕೆಲಸ ಅವನದು. ಒಂದು ಬೆಳಿಗ್ಗೆ ಟೀವಿ ಸ್ಟುಡಿಯೋಗೆ ಮೂರು ಸೀಟಿನ ಹಸಿರು ಸೋಫಾ ಕೊಂಡೊಯ್ದ. ಅಲ್ಲಿ ಹೊಸ ಹಾಸ್ಯ ಧಾರಾವಾಹಿಯ ಮೊದಲ ದಿನದ ಚಿತ್ರೀಕರಣ. ಅಕ್ಕನ ಮನೆಗೆ ಬರುವ ತಮ್ಮನ ಪಾತ್ರ ಮಾಡಬೇಕಾದವನು ಕೈಕೊಟ್ಟಿದ್ದ. ನಿರ್ದೇಶಕರು ಇರುವ ನಾಲ್ಕು ಕೂದಲನ್ನೂ ಕಿತ್ತುಕೊಳ್ಳುತ್ತ ಅತ್ತಿಂದಿತ್ತ ಓಡಾಡುತ್ತಿದ್ದರು. ಇವನು ಸೋಫಾ ಇಳಿಸಿ, ಅದರ ಮೇಲೆ ಧೊಪ್ಪನೆ ಕೂತು, ಎರಡು ಸಲ ಕುಪ್ಪಳಿಸಿ, ಕಾಲು ನೀಡಿ ಕಣ್ಣು ಮುಚ್ಚಿದ. ಸ್ಪ್ರಿಂಗು ಸರಿಯಿದೆಯೇ ಎಂದು ನೋಡುವ ಅಂಗಡಿಯ ಕ್ರಮ ಅದು.

"ಏಯ್, ಹಾಗೇ ಇರಪ್ಪ! ಏಳ್ಬೇಡ!" ಎಂದು ನಿರ್ದೇಶಕರು ಕೂಗಿದರು.

ಅವನ ಕೈಗೊಂದು ಹಳೇ ಸೂಟ್‌ಕೇಸು ಕೊಟ್ಟು, ಹೇಳಬೇಕಾದ ಒಂದೇ ಒಂದು ಮಾತನ್ನು ಹೇಳಿಕೊಟ್ಟರು. "ಎರಡೇ ದಿನ ಅಕ್ಕಾ. ಎರಡು ದಿನ ಇದ್ದು ಹೊರಟ್ಬಿಡ್ತೀನಿ." ಅವನು ಅಭಿನಯ ಗಿಭಿನಯ ಏನೂ ಮಾಡಲಿಲ್ಲ. ಸಾಮಾನು ಬಂದಿದೆ, ಇಲ್ಲಿ ಸಹಿ ಹಾಕಿ ಎನ್ನುವ ದನಿಯಲ್ಲೇ ಹೇಳಿದ. ಲೈಟು ಹಿಡಿದವರಿಂದ ಹಿಡಿದು ಕಾಫಿ ತರುವವರವರೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾಕೆ ನಕ್ಕರೆಂದು ಅವನಿಗೆ ಆಗಲೂ ತಿಳಿಯಲಿಲ್ಲ, ಆಮೇಲೆ ಎಷ್ಟೋ ವರ್ಷವೂ ತಿಳಿಯಲಿಲ್ಲ.

ಆ ಎರಡು ದಿನ ಹನ್ನೊಂದು ವರ್ಷವಾಯಿತು.

ಧಾರಾವಾಹಿಯಲ್ಲಿ ಅವನು ಅಕ್ಕನ ಮನೆಗೆ ಬಂದವನು ಹೊರಡಲೇ ಇಲ್ಲ. ಭಾವ ಹೊರಗೆ ಹಾಕಲು ವಾರಕ್ಕೊಂದು ಉಪಾಯ ಹೂಡುವುದು, ಇವನು ಆ ಒಂದು ಮಾತು ಹೇಳಿ ಸೋಫಾದಲ್ಲಿ ಬೇರು ಬಿಡುವುದು, ಕಥೆ ಇಷ್ಟೇ. ಅವನ ನಿಜವಾದ ಹೆಸರು ಜನಕ್ಕೆ ಮರೆತುಹೋಗಿ 'ಎರಡುದಿನ' ಎನ್ನುವುದೇ ಹೆಸರಾಯಿತು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ, ಎಲ್ಲಿ ಹೋದರೂ "ಓಹೋ ಎರಡುದಿನ ಬಂದ್ರು!" ಎನ್ನುವವರೇ. ಹಲ್ಲಿನ ಡಾಕ್ಟರಂತೂ ಅವನ ಬಾಯಿ ತೆರೆಸಿ, ಒಳಗೆ ಇಕ್ಕಳ ಇಟ್ಟು, "ಆ ಮಾತು ಒಂದ್ಸಲ ಹೇಳಿ ಸಾರ್" ಎಂದಿದ್ದರು.

ತೊಂದರೆಗಳೂ ಇದ್ದವು. ಅವನಿಗೆ ಯಾರೂ ಮನೆ ಬಾಡಿಗೆಗೆ ಕೊಡುತ್ತಿರಲಿಲ್ಲ. "ನಿಮ್ಮನ್ನ ಖಾಲಿ ಮಾಡ್ಸೋದು ನಮ್ಮ ಕೈಲಾಗುತ್ತಾ?" ಎಂದು ನಗುತ್ತಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಕೈಯಲ್ಲಿ ಪೆಟ್ಟಿಗೆ ಗಿಟ್ಟಿಗೆ ಇದೆಯೇ ಎಂದು.

"ಇವನು ಮನೆ ಅಳಿಯ ಆಗೇ ಬಿಡ್ತಾನೆ, ಬರೆದಿಟ್ಕೋ" ಎಂದು ಅವರು ಒಳಗೆ ಹೋಗಿ ಮಗಳಿಗೆ ಪಿಸುಗುಟ್ಟಿದರು. ಪಿಸುಗುಟ್ಟಿದ್ದು ಹೊರಗೆಲ್ಲ ಕೇಳಿಸಿತು.

"ಆಗ್ಲಿ ಬಿಡಪ್ಪ, ನಮ್ಮನೆ ಸೋಫಾ ಹೇಗೂ ಗಟ್ಟಿ ಇದೆ" ಎಂದಳು ಮಗಳು. ಅದೂ ಕೇಳಿಸಿತು. ಅವನು ಅಲ್ಲೇ ಒಪ್ಪಿಬಿಟ್ಟ.

ಹೀಗೆ ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಹನ್ನೊಂದನೇ ವರ್ಷದಲ್ಲಿ ಅವನ ತಲೆಗೆ ಒಂದು ಹುಳ ಹೊಕ್ಕಿತು. ತಾನೂ ಒಮ್ಮೆ ಅಳಬೇಕು ಎಂದು. ನಗಿಸುವುದು ಸಾಕು, ಜನ ಕರವಸ್ತ್ರ ತೆಗೆಯಬೇಕು. ದಿನಾ ಸಂಜೆ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಅಭ್ಯಾಸ ಶುರುಮಾಡಿದ. ಮೂರನೇ ದಿನ ಪಕ್ಕದ ಮನೆಯವರು ಗಾಬರಿಯಿಂದ ಬಂದು, ನಲ್ಲಿ ಪೈಪು ಒಡೆದಿದೆಯೇ ಎಂದು ವಿಚಾರಿಸಿದರು.

"ಹೇಗಿತ್ತು?" ಎಂದು ಅವನು ಹೆಂಡತಿಯನ್ನು ಕೇಳಿದ.

"ಅಳೋ ಥರ ಇಲ್ಲ ರೀ. ಸೀನು ಬರೋ ಹಾಗಾಗಿ ಬರದೆ ಇದ್ದಾಗ ಇರುತ್ತಲ್ಲ, ಹಂಗಿದೆ" ಎಂದಳು ಅವಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಧಾರಾವಾಹಿಯ ಕಥೆ, ಮಾತು ಎಲ್ಲ ಬರೆಯುತ್ತಿದ್ದವರು ಒಬ್ಬ ಹೆಂಗಸು. ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರಿಂದ ಎಲ್ಲರೂ ಅವರನ್ನು ಟೀಚರ್ ಎನ್ನುತ್ತಿದ್ದರು. ಅವರ ಮುಂದೆ ದೊಡ್ಡ ದೊಡ್ಡ ನಟರೂ ಹೋಂವರ್ಕ್ ಮಾಡದವರ ಹಾಗೆ ನಿಲ್ಲುತ್ತಿದ್ದರು. ಅವನು ಕೈ ಕಟ್ಟಿಕೊಂಡು ನಿಂತು ತನ್ನ ಆಸೆ ಹೇಳಿದ.

"ನೀವು ಅಳೋದಾ?" ಟೀಚರ್ ಪೆನ್ನು ಕೆಳಗಿಟ್ಟರು. "ಬೇಡಪ್ಪ. ಈ ಮನೇಲಿ ಅಳೋ ಹಕ್ಕಿರೋದು ನಿಮ್ಮ ಭಾವನಿಗೆ ಮಾತ್ರ. ಹೋಗಿ, ಸೋಫಾ ಮೇಲೆ ಕೂತ್ಕೊಳ್ಳಿ."

ಅವನು ಹೋಗಿ ಕೂತ. ಆದರೆ ಅವತ್ತಿನ ದೃಶ್ಯದಲ್ಲಿ ಭಾವ ಬಂದು "ಯಾವಾಗ ಹೊರಡ್ತೀಯೋ?" ಎಂದಾಗ, ಹೇಳಬೇಕಾದ ಮಾತು ಬಿಟ್ಟು ಮುಖ ಮುಚ್ಚಿಕೊಂಡು ಅತ್ತೇಬಿಟ್ಟ. ಮೈಕು ಹಿಡಿದವನಿಗೆ ಮೊದಲು ನಗು ಉಕ್ಕಿತು. ನಕ್ಕೂ ನಕ್ಕೂ ಅವನ ಕೈಯ ಮೈಕು ಜಾರಿ ಭಾವನ ತಲೆ ಮೇಲೆ ಬಿತ್ತು. ನಿರ್ದೇಶಕರು ಕುರ್ಚಿ ಸಮೇತ ಹಿಂದಕ್ಕೆ ಉರುಳಿದರು. ನಗದಿದ್ದವರು ಇಬ್ಬರೇ: ಅವನು ಮತ್ತು ಟೀಚರ್.

ಮುಂದಿನ ವಾರದ ಹಾಳೆಗಳು ಕೈಗೆ ಬಂದವು. ಬಲ್ಬು ಹಾಕಲು ಹತ್ತಿದ ತಮ್ಮ ಏಣಿಯಿಂದ ಬಿದ್ದು ಕೋಮಾಕ್ಕೆ ಹೋಗುತ್ತಾನೆ. ಮುಂದಿನ ಆರು ವಾರ ಅವನ ಹೆಸರಿನ ಎದುರು ಬರೆದದ್ದು ಒಂದೇ ಪದ: 'ಮಲಗಿರುತ್ತಾನೆ.'

"ಇದು ಶಿಕ್ಷೆ ಅಲ್ವಾ ಟೀಚರ್?" ಎಂದ ಅವನು.

"ಛೇ ಛೇ, ಎಷ್ಟು ಗಂಭೀರವಾದ ಪಾತ್ರ ನೋಡಿ! ನೀವೇ ಕೇಳಿದ್ರಲ್ಲ" ಎಂದರು ಟೀಚರ್.

ಬೆಳಿಗ್ಗೆ ಒಂಬತ್ತಕ್ಕೆ ಹೋಗುವುದು, ತಲೆಗೆ ಬ್ಯಾಂಡೇಜು ಸುತ್ತಿಸಿಕೊಳ್ಳುವುದು, ಆಸ್ಪತ್ರೆ ಮಂಚದ ಮೇಲೆ ಮಲಗುವುದು, ಐದಕ್ಕೆ ಎದ್ದು ಮನೆಗೆ ಬರುವುದು. ಮೊದಲೆರಡು ದಿನ ಅವನು ಮುನಿಸಿನಿಂದ ಮಲಗಿದ. ಮೂರನೇ ದಿನದಿಂದ ಹಾಸಿಗೆ ಹಿತವಾಗತೊಡಗಿತು.

ಆ ಗುರುವಾರ ಅಕ್ಕನ ದೊಡ್ಡ ದೃಶ್ಯ. ಅಕ್ಕನ ಪಾತ್ರ ಮಾಡುತ್ತಿದ್ದ ನಟಿ ಹನ್ನೊಂದು ವರ್ಷ ಆ ಮನೆಯಲ್ಲಿ ಬಾಗಿಲು ತೆಗೆದು, ಕಾಫಿ ಕೊಟ್ಟು, "ಅಯ್ಯೋ ಬಿಡ್ರೀ, ನನ್ನ ತಮ್ಮ ಅಲ್ವಾ" ಎನ್ನುವುದರಲ್ಲೇ ಕಳೆದಿದ್ದರು. ಮೊದಲ ಸಲ ಮೂರು ಪುಟದ ಮಾತು ಸಿಕ್ಕಿತ್ತು. ಪ್ರಜ್ಞೆಯಿಲ್ಲದ ತಮ್ಮನ ತಲೆ ಸವರುತ್ತ ಅಕ್ಕ ಮನಸ್ಸು ಬಿಚ್ಚಿ ಹೇಳುವುದು. ನಾಲ್ಕು ದಿನ ಬಾಯಿಪಾಠ ಮಾಡಿದ್ದರು. ಬೆಳಿಗ್ಗೆಯಿಂದ ಯಾರ ಜೊತೆಯೂ ಮಾತಾಡದೆ ದುಃಖವನ್ನು ತುಂಬಿಕೊಂಡು ಬಂದಿದ್ದರು.

ಮೊದಲ ಪುಟ ಮುಗಿಯಿತು. ಅವರ ದನಿ ನಡುಗಿತು. ಎರಡನೇ ಪುಟದ ನಡುವೆ, ಅವರು ಉಸಿರು ಎಳೆದುಕೊಂಡ ಜಾಗದಲ್ಲಿ, ಮಂಚದಿಂದ ಒಂದು ಗೊರಕೆ ಬಂತು. ಅಂಥಿಂಥ ಗೊರಕೆಯಲ್ಲ, ಮರ ಕೊಯ್ಯುವ ಮಿಲ್ಲಿನ ಗರಗಸ ಗಂಟಿಗೆ ಸಿಕ್ಕಿ ಬಿಡಿಸಿಕೊಂಡಂಥದು.

"ಕಟ್!"

ಅವನನ್ನು ಎಬ್ಬಿಸಿದರು. ತಪ್ಪಾಯಿತು ಎಂದ. ಮತ್ತೆ ಶುರುವಾಯಿತು, ಮತ್ತೆ ಗೊರಕೆ. ಏಳನೇ ಸಲ ಅಕ್ಕ ಮಾತು ನಿಲ್ಲಿಸದೆ, ಕಣ್ಣೀರು ಸುರಿಸುತ್ತಲೇ, ಹೊದಿಕೆಯ ಅಡಿಯಲ್ಲಿ ಕೈ ಹಾಕಿ ಅವನ ತೊಡೆಯನ್ನು ಬಲವಾಗಿ ಚಿವುಟಿದರು. ಅವನು ನಿದ್ದೆಯಲ್ಲೇ ಮಗ್ಗುಲು ಬದಲಿಸಿ ಗೊಣಗಿದ: "ಎರಡೇ ದಿನ ಅಕ್ಕಾ..."

ಇಡೀ ಸ್ಟುಡಿಯೋ ನೆಲಕ್ಕುರುಳಿ ನಕ್ಕಿತು. ನಿರ್ದೇಶಕರು ಕಣ್ಣೊರೆಸಿಕೊಂಡು, "ಇದೇ ಇರ್ಲಿ, ಇದೇ ಹೋಗ್ಲಿ!" ಎಂದರು. ಅಕ್ಕ ಎದ್ದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಯಾರನ್ನೂ ನೋಡದೆ ಹೊರಟುಹೋದರು.

ಆ ಕಂತು ಪ್ರಸಾರವಾದ ಮೇಲೆ ಅವನು ಎದ್ದಿದ್ದಾಗಲೂ ಕಾಣದಷ್ಟು ಪ್ರಸಿದ್ಧಿ ಮಲಗಿ ಕಂಡ. ಜನ ಚಾನೆಲ್ಲಿಗೆ ದಿಂಬು ಕಳಿಸಿದರು. ನಿದ್ದೆ ಬಾರದವರೊಬ್ಬರು ಆ ಗೊರಕೆಯನ್ನೇ ಒಂದು ಗಂಟೆ ಹಾಕಿ ಎಂದು ಬೇಡಿಕೊಂಡು ಪತ್ರ ಬರೆದರು. ಆದರೆ ಅಕ್ಕ ಅವನ ಜೊತೆ ಮಾತು ಬಿಟ್ಟರು. ಮೇಕಪ್ ಕೋಣೆಯಲ್ಲಿ ಎದುರಾದರೆ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು.

"ನಿದ್ದೆ ಬಂದ್ರೆ ನಾನೇನ್ ಮಾಡ್ಲಿ? ಬೇಕಂತ ಮಾಡಿದ್ನಾ?" ಎಂದು ಅವನು ಮನೆಯಲ್ಲಿ ಕೂಗಾಡಿದ.

"ನೀವು ಆ ಕಂತು ನೋಡಿದೀರಾ?" ಎಂದಳು ಹೆಂಡತಿ.

"ನೋಡೋದೇನು, ನಾನು ಅಲ್ಲೇ ಇದ್ನಲ್ಲ!"

"ಇದ್ರಿ, ಆದ್ರೆ ಮಲಗಿದ್ರಿ. ಬನ್ನಿ ಇಲ್ಲಿ."

ಅವಳು ಟೀವಿ ಹಾಕಿ ಅವನನ್ನು ಕೂರಿಸಿದಳು. ಗೊರಕೆ ಬಂದ ಕಡೆಯೆಲ್ಲ ದನಿ ಸಣ್ಣದು ಮಾಡಿ, ಅಕ್ಕನ ಮಾತಿಗೆ ದೊಡ್ಡದು ಮಾಡಿದಳು. ಅಕ್ಕ ಹೇಳುತ್ತಿದ್ದರು: "ಎಲ್ರೂ ನಿನ್ನ ಯಾವಾಗ ಹೋಗ್ತೀಯ, ಯಾವಾಗ ಹೋಗ್ತೀಯ ಅಂತ ಕೇಳಿದ್ರು ಕಣೋ. ನಾನು ಒಂದು ದಿನಾನಾದ್ರೂ ಕೇಳಿದ್ನಾ? ನೀನು ಸೋಫಾ ಮೇಲೆ ಬಿದ್ದಿದ್ರೆ ನನಗೆ ತವರು ಮನೇನೇ ಎದುರಿಗೆ ಬಿದ್ದಿದ್ದ ಹಾಗೆ. ಎದ್ದೇಳೋ. ಎದ್ದು ಎಲ್ಲಿಗೂ ಹೋಗ್ಬೇಡ."

ಅವನು ಮೂಗೇರಿಸಿದ. ಕೆನ್ನೆಯ ಮೇಲೆ ಏನೋ ಹರಿದಂತಾಗಿ ಮುಟ್ಟಿ ನೋಡಿಕೊಂಡ.

"ಇದೇ! ಇದೇ ರೀ!" ಹೆಂಡತಿ ಕುಣಿದಾಡಿದಳು. "ಬಚ್ಚಲುಮನೇಲಿ ಹೀಗೆ ಅಳ್ಬೇಕಿತ್ತು ನೀವು!"

ಮರುದಿನ ಒಂದು ಚೀಲ ತುಂಬ ಹಣ್ಣು ಕಟ್ಟಿಸಿಕೊಂಡು ಅಕ್ಕನ ಮನೆಗೆ ಹೋದ. ಬಾಗಿಲು ತೆಗೆದದ್ದು ಅವರ ನಿಜವಾದ ಗಂಡ. ಅವರು ಇವನ ಮುಖ ನೋಡಿದರು, ಚೀಲ ನೋಡಿದರು, ಬಾಗಿಲಿಗೆ ಅಡ್ಡವಾಗಿ ಕೈ ಇಟ್ಟರು.

"ನೋಡಿ, ನಮ್ಮನೇಲಿ ಇರೋದೇ ಎರಡು ರೂಮು."

"ಇರಕ್ಕೆ ಬಂದಿಲ್ಲ ಭಾವ" ಎಂದುಬಿಟ್ಟ ಅಭ್ಯಾಸಬಲದಿಂದ. ಭಾವ ಎಂದದ್ದೇ ತಡ, ಅವರು ಬಾಗಿಲನ್ನು ಇನ್ನಷ್ಟು ಮುಂದೆ ತಳ್ಳಿದರು.

ಒಳಗಿನಿಂದ ಅಕ್ಕ ಬಂದರು. ಅವನು ಹೊಸಿಲ ಹೊರಗೇ ನಿಂತು ಹೇಳಿದ: "ಅಕ್ಕಾ, ಆ ಕಂತು ನಿನ್ನೆ ನೋಡ್ದೆ. ನೀವು ಅಷ್ಟೆಲ್ಲ ಹೇಳ್ತಿದ್ರೆ ನಾನು ಕತ್ತೆ ಥರ ಮಲಗಿದ್ನಲ್ಲ. ಇನ್ನೊಂದ್ಸಲ ಮಾಡೋಣ. ನಿರ್ದೇಶಕರ ಕಾಲು ಹಿಡ್ಕೊಳ್ಳೋದು ನನಗೆ ಬಿಡಿ. ಕಣ್ಣೆವೆ ಮುಚ್ಚಿದ್ರೂ ನಿದ್ದೆ ಮಾಡಲ್ಲ."

"ನಿನ್ನ ನಂಬೋದು ಹೇಗೆ?" ಎಂದರು ಅಕ್ಕ. ಏಕವಚನ ಕೇಳಿ ಅವನಿಗೆ ಜೀವ ಬಂದಂತಾಯಿತು.

"ಬೆನ್ನಡಿ ಕಲ್ಲು ಹಾಕ್ಕೋತೀನಿ."

ಹಾಗೇ ಮಾಡಿದ. ತಮ್ಮನಿಗೆ ಪ್ರಜ್ಞೆ ಬರುವ ಹಿಂದಿನ ದಿನದ ದೃಶ್ಯವೆಂದು ಟೀಚರ್ ಒಂದು ಪುಟ ಹೊಸದಾಗಿ ಬರೆದುಕೊಟ್ಟರು. ಅಕ್ಕನಿಗಾಗಿ ಬರೆದೆ, ನಿಮಗಾಗಿ ಅಲ್ಲ ಎಂದೂ ಸೇರಿಸಿದರು. ಅವನು ಬೆನ್ನಿನಡಿ ಮೂರು ಕಲ್ಲು, ಹೆಬ್ಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಂಡು ಮಲಗಿದ. ಅಕ್ಕ ಮಾತು ಶುರುಮಾಡಿದರು. ಈ ಸಲ ಅವನು ಒಂದೊಂದು ಪದವನ್ನೂ ಕೇಳಿಸಿಕೊಂಡ. ಕೊನೆಗೆ ಅವರು ಅವನ ಹಣೆ ಮೇಲೆ ಕೈಯಿಟ್ಟಾಗ, ಮುಚ್ಚಿದ ಎಡಗಣ್ಣಿನಿಂದ ಒಂದೇ ಒಂದು ಹನಿ ಇಳಿದು ಕಿವಿಯೊಳಗೆ ಹೋಯಿತು.

ಯಾರೂ ನಗಲಿಲ್ಲ. ಮೈಕಿನವನು ಮೈಕನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ನಿರ್ದೇಶಕರು 'ಕಟ್' ಹೇಳುವುದನ್ನೇ ಮರೆತರು. ಕಲ್ಲು ಒತ್ತಿ ತಡೆಯಲಾರದೆ ಅವನೇ ಹೇಳಬೇಕಾಯಿತು.

ಆ ಕಂತಿಗೆ ಬಂದ ಪತ್ರಗಳೆಲ್ಲ ಅಕ್ಕನ ಹೆಸರಿಗೆ. ಮೂಟೆಗಟ್ಟಲೆ ಹೊಗಳಿಕೆ. ಅಕ್ಕ ಮೇಕಪ್ ಕೋಣೆಯಲ್ಲಿ ಕೂತು ಒಂದೊಂದನ್ನೇ ಗಟ್ಟಿಯಾಗಿ ಓದಿ ಅವನಿಗೆ ಕೇಳಿಸಿದರು, ಇಷ್ಟವಾದವನ್ನು ಎರಡೆರಡು ಸಲ. ಅವನ ಹೆಸರಿಗೆ ಬಂದದ್ದು ಒಂದೇ ಪತ್ರ. ಕಣ್ಣಿನ ಡಾಕ್ಟರೊಬ್ಬರು ಬರೆದಿದ್ದರು: 'ತಮ್ಮ ಎಡಗಣ್ಣಿನಿಂದ ನೀರು ಸೋರುತ್ತಿರುವುದು ಗಮನಕ್ಕೆ ಬಂತು. ಉದಾಸೀನ ಮಾಡಬೇಡಿ. ಬೇಗ ಬಂದು ತೋರಿಸಿ.'

"ಅದು ಅಭಿನಯ ಅಂತ ಒಬ್ರಿಗೂ ಗೊತ್ತಾಗ್ಲಿಲ್ವಲ್ಲೇ!" ಎಂದು ಅವನು ಹೆಂಡತಿಯ ಮುಂದೆ ಹಲುಬಿದ.

"ಅಭಿನಯ ಎಲ್ಲಿತ್ತು, ನಿಜವಾಗ್ಲೂ ಅತ್ರಲ್ಲ" ಎಂದಳು ಅವಳು. "ಹೋಗಿ ತೋರಿಸ್ಕೊಂಡು ಬನ್ನಿ. ಮೊನ್ನೆ ಸಕ್ಕರೆ ಅಂತ ಉಪ್ಪು ತಂದ್ರಿ."

ಡಾಕ್ಟರು ಎಡಗಣ್ಣು ನೋಡಿದರು, ಬಲಗಣ್ಣು ನೋಡಿದರು, ಗೋಡೆಯ ಮೇಲಿನ ಅಕ್ಷರ ಓದಿಸಿದರು. ಅವನಿಗೆ ಮೇಲಿನ ದೊಡ್ಡ ಅಕ್ಷರ ಬಿಟ್ಟು ಮಿಕ್ಕದ್ದೆಲ್ಲ ಇರುವೆ ಸಾಲು. "ಸೋರೋದು ಏನೂ ಇಲ್ಲ. ಆದ್ರೆ ಸಾರ್, ಇಷ್ಟು ವರ್ಷ ನೀವು ಕುರುಡುಗಣ್ಣಲ್ಲಿ ನಟನೆ ಮಾಡ್ತಿದ್ರಾ?" ಎಂದು ದಪ್ಪ ಕನ್ನಡಕ ಬರೆದುಕೊಟ್ಟರು.

ಕೋಮಾದಿಂದ ಎದ್ದ ತಮ್ಮ ಕನ್ನಡಕ ಹಾಕಿಕೊಂಡೇ ಮನೆಗೆ ಮರಳಿದ. ಏಟಿನಿಂದ ದೃಷ್ಟಿ ಕೆಟ್ಟಿತು ಎಂದು ಟೀಚರ್ ಒಂದು ಸಾಲು ಸೇರಿಸಿದರು, ಕಥೆಗೆ ಸರಿಹೋಯಿತು. ಮೊದಲ ದಿನ ಅವನು ಸೋಫಾದಲ್ಲಿ ಕೂತು ತಲೆಯೆತ್ತಿ ನೋಡಿದ. ಹನ್ನೊಂದು ವರ್ಷ ಕ್ಯಾಮೆರಾದ ಆಚೆ ಇದ್ದದ್ದು ಅವನ ಪಾಲಿಗೆ ಬರೀ ಮಬ್ಬು. ದೀಪದ ಬೆಳಕಿಗೆ ಎಲ್ಲರಿಗೂ ಹಾಗೇ ಕಾಣುತ್ತದೆ ಎಂದುಕೊಂಡಿದ್ದ. ಈಗ ಅಲ್ಲಿ ಟೀಚರ್ ಸ್ಪಷ್ಟವಾಗಿ ಕಂಡರು. ಮಡಿಲಲ್ಲಿ ಹಾಳೆ ಹರಡಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಭಾವ ಮಾತಾಡಿದಾಗ ಅವರ ತುಟಿಯೂ ಅದೇ ಮಾತಾಡುತ್ತಿತ್ತು, ಹುಬ್ಬು ಭಾವನ ಹಾಗೇ ಗಂಟಿಕ್ಕುತ್ತಿತ್ತು. ಅಕ್ಕ ಮಾತಾಡಿದಾಗ ಮುಖ ಅಕ್ಕನದೇ ಆಯಿತು. ಆಮೇಲೆ ಟೀಚರ್ ಕುತ್ತಿಗೆ ಒಳಗೆಳೆದು, ಕಾಲು ಉದ್ದಕ್ಕೆ ಚಾಚಿ, ಪೆದ್ದುಪೆದ್ದಾಗಿ ಬಾಯಿ ತೆರೆದು ಮುಂದಿನ ಮಾತಿಗೆ ಕಾದರು. ಅದು ತಾನೇ ಎಂದು ಅವನಿಗೆ ಹೊಳೆಯಲು ಎರಡು ಕ್ಷಣ ಬೇಕಾಯಿತು. ಹೊಳೆದದ್ದೇ ಅವನು ಸೋಫಾದಿಂದ ಜಾರಿ ಬೀಳುವಷ್ಟು ನಗತೊಡಗಿದ.

"ಕಟ್! ಏನಾಯ್ತಪ್ಪ?" ಎಂದರು ನಿರ್ದೇಶಕರು.

"ಏನಿಲ್ಲ ಸಾರ್" ಎಂದು ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಈಗ ಗೊತ್ತಾಯ್ತು, ಜನ ಯಾಕೆ ನಗ್ತಾರೆ ಅಂತ."