ಜೋಳದ ಹೊಲದ ಸಿ.ಡಿ.

ನರಗುಂದದ ಬಸ್‌ಸ್ಟ್ಯಾಂಡಿನ ಎದುರಿಗೆ ನಮ್ಮ ಮಾಮುವಿನ ಕಂಪ್ಯೂಟರ್ ಅಂಗಡಿ. ಬಿ.ಎ. ಮುಗಿಸಿದ ಮೇಲೆ ನಾನು ಅಲ್ಲಿ ಅರ್ಜಿ, ಲಗ್ನಪತ್ರಿಕೆ ಟೈಪು ಮಾಡುತ್ತಿದ್ದೆ. ಗಿರಾಕಿಗಳೊಡನೆ ಮಾತು ಮಾಮುವಿನದು, ಗೋಡೆಯ ಕಡೆ ಮುಖ ಮಾಡಿ ಕೀಲಿ ಒತ್ತುವುದು ನನ್ನದು. ಈ ಏರ್ಪಾಡು ನನಗೆ ಬಹಳ ಹಿಡಿಸಿತ್ತು. ಆದರೆ 2008ರ ಸಂಕ್ರಾಂತಿ ಕಳೆದ ವಾರ ಮಾಮು ಎರಡು ದಿನ ಊರಲ್ಲಿರಲಿಲ್ಲ. ಆಗಲೇ ಮೆಣಸಗಿಯ ತೋಟಪ್ಪ, ಅವರ ಹೆಂಡತಿ ಸಿದ್ದವ್ವ ಅಂಗಡಿಗೆ ಬಂದರು.

ಸಿದ್ದವ್ವ ಸೆರಗಿನ ಗಂಟು ಬಿಚ್ಚಿ ಒಂದು ಡಿಜಿಟಲ್ ಕ್ಯಾಮೆರಾ, ಅದರ ಕೇಬಲ್ಲು ಟೇಬಲ್ಲಿನ ಮೇಲಿಟ್ಟರು. ಅಳಿಯ ಹೊಸದು ಕೊಂಡು ಹಳೆಯದನ್ನು ಮಾವನಿಗೆ ಕೊಟ್ಟಿದ್ದನಂತೆ.

"ಇದರಾಗ ನನ್ನ ತವರಮನಿ ಐತಿ ತಂಗಿ. ದೊಡ್ಡದ ಮಾಡಿ ಹಾಳಿ ಮ್ಯಾಲೆ ತಗದಕೊಡ."

ಹೊಳೆಆಲೂರಿನ ಆ ಮನೆಯಲ್ಲಿ ಹೋದ ಪಂಚಮಿಗೆ ಅಕ್ಕ-ತಂಗಿ ಇಬ್ಬರೂ ಜೋಕಾಲಿ ಆಡಿದ್ದರು. ಮುಂದಿನ ತಿಂಗಳೇ ಹೊಳೆ ಬಂದು ಮನೆ ಬಿತ್ತು. ಸಿದ್ದವ್ವನ ಅಕ್ಕ ಫಕೀರವ್ವ ದೀಪಾವಳಿಗೆ ಸೊಂಟ ಮುರಿದುಕೊಂಡು ಗಜೇಂದ್ರಗಡದಲ್ಲಿ ಮಗಳ ಮನೆಯಲ್ಲಿ ಮಲಗಿದ್ದಳು.

"ತವರಮನಿಗೆ ಒಯ್ಯ ಅಂತ ದಿನಾ ಅಳತಾಳ. ಬಿದ್ದೈತೆವ್ವಾ ಅಂದ್ರ, ನನ್ನ ಒಯ್ಯೂದ ತಪ್ಪಸಾಕ ಸುಳ್ಳ ಹೇಳತೀರಿ ಅಂತಾಳ. ಊಟಾ ಬಿಟ್ಟಾಳ. ಕ್ಯಾಮೆರಾದ ಈ ಸಣ್ಣ ಕಾಜಿನ್ಯಾಗ ಆಕಿ ಕಣ್ಣಿಗೆ ಏನೂ ಕಾಣಾಂಗಿಲ್ಲ. ನಾಳೆ ಆಕಿ ಕಡೆ ಹೊಂಟೇವಿ."

ಕ್ಯಾಮೆರಾದಲ್ಲಿ ಕಾರ್ಡು ಇರಲಿಲ್ಲ, ಫೋಟೊಗಳೆಲ್ಲ ಅದರ ಹೊಟ್ಟೆಯಲ್ಲೇ. ಕೇಬಲ್ಲೊಂದೇ ದಾರಿ. ಚುಚ್ಚಿದೆ. ನಮ್ಮ ಹಳೆಯ ಕಂಪ್ಯೂಟರು ಯಾವುದೋ ಗೊತ್ತಿಲ್ಲದ ಸಾಮಾನು ಬಂದಿದೆ ಎಂದು ಬರೆದು ಸುಮ್ಮನಾಯಿತು. ಹಿಂದಿನ ತೂತಿಗೆ ಚುಚ್ಚಿದೆ, ಕ್ಯಾಮೆರಾ ಆರಿಸಿ ಹಚ್ಚಿದೆ, ಕಂಪ್ಯೂಟರನ್ನೇ ಬಂದ್ ಮಾಡಿ ಚಾಲೂ ಮಾಡಿದೆ. ಅದೇ ಮಾತು.

"ಏನಂತೈತಿ?" ಸಿದ್ದವ್ವ ಬಗ್ಗಿದರು.

"ಗುರುತ ಹತ್ತವಲ್ದಂತ್ರಿ."

"ಹೊಸಬರನ್ನ ಕಂಡು ನಾಚತಿರಬೇಕು ಬಿಡ, ನಿನ್ಹಾಂಗ."

ತೋಟಪ್ಪ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಹೊಸ ಕಂಪ್ಯೂಟರಿದ್ದ ಸ್ಟುಡಿಯೊದವರು ಲಗ್ನದ ಕೆಲಸಕ್ಕೆ ಹೋಗಿ ಬಾಗಿಲು ಹಾಕಿದ್ದರು. ನಮ್ಮಲ್ಲಿ ಇಂಟರ್ನೆಟ್ ಇರಲಿಲ್ಲ. 'ಆಗೋದಿಲ್ರಿ' ಎಂದು ಹೇಳುವುದು ಸುಲಭವಿತ್ತು. ಆದರೆ ಸಿದ್ದವ್ವ ಖಾಲಿ ಸೆರಗನ್ನು ಮಡಚುತ್ತ ನಿಂತಿದ್ದರು.

"ಇದರ ಜೋಡಿ ಡಬ್ಬಿಯೊಳಗ ಒಂದು ಸಿ.ಡಿ. ಬಂದಿತ್ತೇನ್ರಿ? ಅದನ್ನ ಹಾಕಿದ್ರ ಕಂಪ್ಯೂಟರಿಗೆ ಕ್ಯಾಮೆರಾದ ಪರಿಚಯ ಆಗತೈತ್ರಿ," ಎಂದೆ. ಆ ದಿನ ನಾನಾಡಿದ ಅತಿ ಉದ್ದದ ಮಾತು ಅದು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಬಂದಿತ್ರಿ," ಎಂದರು ತೋಟಪ್ಪ. "ಟೀವಿಗೆ ಹಾಕಿ ನೋಡಿದ್ವಿ. ಹಾಡಿಲ್ಲ, ಕುಣತಿಲ್ಲ. ಕೆಟ್ಟೈತಿ ಅಂತ ಜ್ವಾಳದ ಹೊಲದಾಗ ಕಟ್ಟೇವ್ರಿ, ಗುಬ್ಬಿ ಕಾಯಾಕ. ಹೊಳಪಿಗೆ ಅಂಜತಾವ್ರಿ."

"ನಾ ಬ್ಯಾಡಾ ಅಂದಿದ್ದೆ."

"ಏ, ದಾರ ಕೊಟ್ಟಾಕಿನ ನೀನು!"

ಮರುದಿನ ಬೆಳಗ್ಗೆ ನಾನು ಕೀಲಿ ತೆಗೆಯುವ ಮೊದಲೇ ಅವರು ಕಟ್ಟೆಯ ಮೇಲೆ ಕೂತಿದ್ದರು. ತೋಟಪ್ಪ ಚೀಲದಿಂದ ಐದು ಸಿ.ಡಿ. ತೆಗೆದರು. ಯಾವುದು ಬೇಕೋ ತಿಳಿಯದೆ ಹೊಲದಲ್ಲಿ ತೂಗಾಡುತ್ತಿದ್ದವನ್ನೆಲ್ಲ ಬಿಚ್ಚಿ ತಂದಿದ್ದರು.

"ಇವತ್ತ ಗುಬ್ಬಿಗೋಳಿಗೆ ಹಬ್ಬ ಐತ್ರಿ."

ನಾಲ್ಕು ಹಾಡಿನವು. ಐದನೆಯದರ ಮೇಲೆ ಕ್ಯಾಮೆರಾದ ಚಿತ್ರ ಬಿಸಿಲಿಗೆ ಮಾಸಿತ್ತು. ಹಿಂದೆ ಜೋಳದ ಧೂಳು, ಅದರ ಮೇಲೆ ಗುಬ್ಬಿಯ ಹಿಕ್ಕೆ. ಹೆದರದ ಗುಬ್ಬಿಯೂ ಒಂದಿತ್ತು! ಒದ್ದೆ ಹತ್ತಿಯಿಂದ ಒರೆಸಿ ಹಾಕಿದೆ. ಕಂಪ್ಯೂಟರು ಗೊರಗೊರ ಎಂದು ಸಿ.ಡಿ.ಯನ್ನು ಹೊರಗೆ ತಳ್ಳಿತು. ಓಢಣಿಯ ತುದಿಯಿಂದ ನಡುವಿನಿಂದ ಅಂಚಿಗೆ ಮೆಲ್ಲಗೆ ಮತ್ತೆ ಒರೆಸಿದೆ. ಸಿದ್ದವ್ವ ಕಣ್ಣು ಮುಚ್ಚಿ ಕುಳಿತಿದ್ದರು. ಎರಡನೆಯ ಸಲ ಅದು ಹೊರಗೆ ಬಾರದೆ ತಿರುಗುತ್ತಲೇ ಇತ್ತು, ಕೊನೆಗೆ ಕಂಪ್ಯೂಟರು ಅದನ್ನು ಓದಿಕೊಂಡಿತು. ಆಮೇಲೆ ಕೇಬಲ್ ಚುಚ್ಚಿದೆ. ತೆರೆಯ ಮೇಲೆ ಕ್ಯಾಮೆರಾದ ಹೆಸರು ಬಂತು.

ಹನ್ನೊಂದು ಫೋಟೊ ಇದ್ದವು. ಹತ್ತು ಎತ್ತಿನವು. ಕೊನೆಯದು ಪಂಚಮಿಯದು. ಅದನ್ನು ದೊಡ್ಡದು ಮಾಡಿದೆ. ಜೋಕಾಲಿ ತೂಗುತ್ತಿರುವಾಗ ತೆಗೆದದ್ದು. ಅಕ್ಕತಂಗಿ ಇಬ್ಬರೂ ಬರೀ ಎರಡು ಬಣ್ಣದ ಗೆರೆಗಳಾಗಿದ್ದರು.

"ಅಮ್ಮಾರ, ಅಳಗಾಡೇತ್ರಿ. ನಿಮ್ಮ ಮಾರಿನ ಬಂದಿಲ್ಲ..."

ಸಿದ್ದವ್ವ ಕುರ್ಚಿ ಬಿಟ್ಟು ಎದ್ದರು. ತೆರೆಗೆ ಹತ್ತಿರ ಬಂದು, ಮುಟ್ಟಲಂಜಿ, ಗೆರೆಗಳ ಹಿಂದೆ ಬೆರಳು ಆಡಿಸಿದರು. ಅಲ್ಲಿ ಎಲ್ಲ ನಿಚ್ಚಳವಾಗಿತ್ತು.

"ನೋಡ್ರಿಲ್ಲೆ, ತಲಬಾಗಲಾ. ಇದು ನಮ್ಮವ್ವ ದೀಪಾ ಇಡೂ ಗೂಡು, ಮಸಿ ಸೈತ ಹಂಗ ಐತಿ. ಈ ಹೊಸ್ತಲಕ್ಕ ಎಡವಿ ಅಕ್ಕ ಹಲ್ಲ ಮುರಕೊಂಡಿದ್ಲು." ನನ್ನ ಕಡೆ ತಿರುಗಿದರು. "ಮುದಿಕ್ಯಾರ ಮಾರಿ ಯಾರಿಗೆ ಬೇಕವ್ವಾ? ಮನಿ ಅಳಗಾಡಿಲ್ಲಲ್ಲ!"

ಇದ್ದುದರಲ್ಲೇ ದೊಡ್ಡ ಹಾಳೆಯ ಮೇಲೆ ತೆಗೆದೆ. ಬಣ್ಣ ಆರುವ ತನಕ ಇಬ್ಬರೂ ಅದಕ್ಕೆ ಗಾಳಿ ಊದಿದರು.

"ಮೊದಲ ಇದನ್ನ ಕೈಯಾಗ ಕೊಡತೇನಿ," ಎಂದರು ಸಿದ್ದವ್ವ. "ಕಣ್ಣತುಂಬ ನೋಡಲಿ. ಎರಡ ತುತ್ತು ಉಣ್ಣಲಿ. ಬಿದ್ದದ್ದನ್ನ ಆಮ್ಯಾಲ ಹೇಳತೇನಿ, ಜೋಡಿ ಕುಂತು ಅಳತೇವಿ."

ತೋಟಪ್ಪ ಸಿ.ಡಿ. ತಿರುಗಿ ಕೇಳಿದರು, ಗುಬ್ಬಿ ಕಾಯಲು. ಅದರೊಳಗಿನದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ನಮ್ಮ ಅಂಗಡಿಯ ಎರಡು ಕೆಟ್ಟ ಸಿ.ಡಿ.ಯನ್ನೂ ಸೇರಿಸಿ ಕೊಟ್ಟೆ. ಫೋಟೊ ಮಡಚಿ ಚೀಲಕ್ಕೆ ಹಾಕಲು ಸಿದ್ದವ್ವ ಒಪ್ಪಲಿಲ್ಲ. ಎರಡೂ ಅಂಗೈ ಮೇಲೆ ಚಪ್ಪಟೆಯಾಗಿ ಹಿಡಿದು ರಸ್ತೆ ದಾಟಿದರು.

ಗಜೇಂದ್ರಗಡದ ಬಸ್ಸಿನ ಬಾಗಿಲಲ್ಲಿ ನೂಕುನುಗ್ಗಲಿತ್ತು. ತೋಟಪ್ಪ ಮುಂದೆ ನಿಂತು ಕೂಗುವುದು ಅಂಗಡಿಯ ತನಕ ಕೇಳಿಸಿತು:

"ಹಾದಿ ಬಿಡ್ರೀಪಾ, ಹಾದಿ ಬಿಡ್ರಿ! ಮನಿ ಬರಾಕತ್ತೈತಿ!"