ನೀರಿನ ದಾರಿಗೆ ಹಾಕಿದ ಚಪ್ಪರ

ಏಪ್ರಿಲ್ ಬಿಸಿಲಿಗೆ ಕಬ್ಬಿಣದ ಏಣಿ ಕಾದು ಮುಟ್ಟಲಾಗದಂತಾಗಿತ್ತು. ಮಹಮ್ಮದಗೌಸ ಮೆಟ್ಟಿಲಿಗೆ ಗೋಣಿತಟ್ಟು ಸುತ್ತಿಕೊಂಡು ಮೇಲೆ ನಿಂತಿದ್ದ. ಡ್ರಿಲ್ ಹಿಡಿದ ಭುಜ ಬೆಳಗಿನಿಂದ ಅದರುತ್ತಿತ್ತು. ಗೋಡೆಯ ಧೂಳು ಬೆವರಿಗೆ ಅಂಟಿ ಕತ್ತಿನ ಮೇಲೆ ಗಟ್ಟಿಯಾಗಿತ್ತು. ಕೆಳಗೆ ಕಣ್ಣು ಹಾಯುವಷ್ಟು ದೂರ ಮಲಪ್ರಭೆಯ ಹಿನ್ನೀರು. ಆದರೂ ಅವನಿಗೂ ಅವನ ಹೆಂಡತಿಯ ತಮ್ಮ ಸಾಜಿದ್‌ಗೂ ಬೈಲಹೊಂಗಲದಿಂದ ತಂದ ಕ್ಯಾನಿನ ನೀರೇ ಗತಿ. ಮನೆಯೊಳಗಿನ ನಳ ಮುಟ್ಟಬಾರದೆಂದು ಮಾಲೀಕನ ಮ್ಯಾನೇಜರ್ ಭರತ ಮೊದಲ ದಿನವೇ ಹೇಳಿದ್ದ. ಸಂಜೆ ಹೊರಡುವಾಗ ಅವರ ಚೀಲ ಬಿಚ್ಚಿಸಿ ನೋಡುತ್ತಿದ್ದ.

ಗೌಸ ಮೊದಲು ಮದುವೆ ಪೆಂಡಾಲು ಹಾಕುತ್ತಿದ್ದವನು. ಊರೂರಿಗೆ ಕಲ್ಯಾಣ ಮಂಟಪ ಬಂದ ಮೇಲೆ ಆ ಕೆಲಸ ಬತ್ತಿತು. ಈಗ ಉಳ್ಳವರ ಮನೆಗಳಿಗೆ ಆನಿಂಗ್ ಕೂಡಿಸುತ್ತಾನೆ. ರಿಮೋಟ್ ಒತ್ತಿದರೆ ಗೋಡೆಯಿಂದ ಎರಡು ತೋಳು ಚಾಚಿ ಬಟ್ಟೆ ಬಿಚ್ಚಿಕೊಳ್ಳುತ್ತದೆ. ಮತ್ತೆ ಒತ್ತಿದರೆ ಸುರುಳಿ ಸುತ್ತಿಕೊಂಡು ಗೋಡೆಯ ಡಬ್ಬಿಯೊಳಗೆ ಹೋಗುತ್ತದೆ. ಹಳ್ಳಿಯವರು ಅದಕ್ಕೆ ಸುತ್ತುವ ಚಪ್ಪರ ಅನ್ನುತ್ತಾರೆ.

ಸವದತ್ತಿ ಕಡೆಯ ಈ ಮನೆ ಕಲ್ಲುಕ್ವಾರಿಯ ವಿರೂಪಾಕ್ಷ ಸಾವಕಾರನದು. ನೀರಿಗೆ ಮುಖ ಮಾಡಿ ಮರದ ಹಲಗೆಯ ಡೆಕ್ಕು ಹಾಕಿಸಿದ್ದ. ಅದರ ಮೇಲಿನ ಆನಿಂಗ್ ಕೂಡಿಸಿ ಮುಗಿದಿತ್ತು. ಇನ್ನೊಂದು ಮಾತ್ರ ಗೌಸನ ತಲೆಗೆ ಹತ್ತಲಿಲ್ಲ. ಅದನ್ನು ಮನೆಯ ಪಕ್ಕದ ಗೋಡೆಗೆ, ಹೊರಮುಖವಾಗಿ ಕೂಡಿಸಬೇಕಂತೆ. ಅಲ್ಲಿ ಕುರ್ಚಿಯಿಲ್ಲ, ಕಟ್ಟೆಯಿಲ್ಲ. ಈ ಕಡೆ ಗೋಡೆ, ಆ ಕಡೆ ಬಂಡೆ. ನಡುವೆ ಊರಿನಿಂದ ನೀರಿಗಿಳಿಯುವ ದಾರಿ.

"ಇಲ್ಲಿ ಯಾರು ಕುಂಡ್ರತಾರ್ರಿ?" ಎಂದು ಕೇಳಿದ.

"ಯಾರರ ಕುಂಡ್ರಲಿ. ನಿನಗ್ಯಾಕ?" ಭರತ ಮೊಬೈಲಿನಿಂದ ಕಣ್ಣೆತ್ತಲಿಲ್ಲ.

"ಇಷ್ಟು ತಳಗ ಕೂಡಿಸಿದ್ರ ಹೊರಿ ಹೊತ್ತವರು ದಾಟಂಗಿಲ್ರಿ."

"ಸಾವಕಾರ್ರು ಅಲ್ಲೇ ಕೂಡಸು ಅಂದಾರ. ಎರಡೂ ಬಾಜೂಕ ಪಡದಾ ಬಿಡು. ಪಡದಾದ ಬುಡ ಬಿಗಿಯಾಕ ನೆಲದಾಗ ಕೊಕ್ಕಿ ಹುಗಿ."

ಸಾಜಿದ್ ಮೆಲ್ಲಗೆ ಅಂದ, "ಭಾಯಿ, ಸುಮ್ಮನ ಮಾಡಿ ಹೋಗೂಣು. ನಾಳೆ ಏನರ ಆದ್ರ ನಮ್ಮ ಹೆಸರ ಮೊದಲ ಬರತೈತಿ."

ಗೌಸ ಹಾರೆ ಎತ್ತಿಕೊಂಡ. ಆದರೆ ಕೊಕ್ಕೆ ಹುಗಿಯುವಾಗ ಕೈ ಹಿಂದೆಗೆಯುತ್ತಿತ್ತು. ನೆರಳು ಬೇಕಾದವರು ಪರದೆಯನ್ನು ನೆಲಕ್ಕೇಕೆ ಬಿಗಿಯುತ್ತಾರೆ?

ಮಧ್ಯಾಹ್ನ ಕೃಷ್ಣವ್ವ ಎಮ್ಮೆ ಹೊಡೆದುಕೊಂಡು ಬಂದಳು. ಹಿಂದೆ ಸೋಮವ್ವ, ತಲೆಯ ಮೇಲೆ ಬಟ್ಟೆಯ ಗಂಟು. ಇಬ್ಬರೂ ದಾರಿಯ ಮೇಲ್ತುದಿಯಲ್ಲಿರುವ ಊರಿನವರು. ಆಣೆಕಟ್ಟೆಯ ನೀರಿಗೆ ಹಳೆಯ ಊರು ಮುಳುಗಿದಾಗ ಮೇಲೆ ಬಂದು ಗುಡಿಸಲು ಹಾಕಿದ್ದವರ ಮಕ್ಕಳು ಸೊಸೆಯರು. ಕೃಷ್ಣವ್ವ ಕೊಕ್ಕೆಯನ್ನು ಕಾಲಿನಿಂದ ಮುಟ್ಟಿ ನೋಡಿದಳು.

"ದಾರಿ ಮುಚ್ಚಾಕ ಬಂದೀಯೇನಪಾ?"

"ಇಲ್ಲಬೇ ಯವ್ವಾ. ನೆರಳಷ್ಟ."

"ನೆರಳು ಹಾರಿ ಹೋಗತೈತೇನು, ಕೊಕ್ಕಿ ಹಾಕಿ ಕಟ್ಟಾಕ?"

ಅವಳ ನೋಟ ತನ್ನ ಮೇಲೆಯೇ ಇದ್ದದ್ದು ಅವನಿಗೆ ಚುಚ್ಚಿತು. ಗೋಡೆ ಸಾವಕಾರನದು, ಬಟ್ಟೆ ಸಾವಕಾರನದು. ಕಳ್ಳನ ಹಾಗೆ ನಿಂತವನು ಮಾತ್ರ ತಾನು.

ಸಂಜೆ ಚೀಲ ತೋರಿಸಲು ಗೇಟಿನ ಬಳಿ ನಿಂತಾಗ ಭರತ ಫೋನಿನಲ್ಲಿ ಮಾತಾಡುತ್ತಿದ್ದ. "ಗ್ವಾಡಿ ಕಟ್ಟಿದ್ರ ತಕರಾರ್ರಿ. ಇದು ಬಟ್ಟಿ. ಹಗಲೆಲ್ಲಾ ಬಿಟ್ಟಿರೂದು, ಯಾರರ ನೋಡಾಕ ಬಂದ್ರ ಸುತ್ತೂದು. ಒಂದು ಮಳಿಗಾಲ ಕಳೀಲಿ, ಆ ಮಂದೀಗೆ ದಾರಿ ಮರತ ಹೋಗತೈತಿ."

ಗೌಸ ತಿರುಗಿ ತಾನೇ ಹುಗಿದ ಕೊಕ್ಕೆಗಳ ಕಡೆ ನೋಡಿದ.

ಕೆಲಸ ಮುಗಿಯುವ ದಿನ ತಾಲ್ಲೂಕು ಕಚೇರಿಯಿಂದ ಅಳತೆಯ ಸಾಹೇಬ ಬರುತ್ತಾನೆಂದು ಸುದ್ದಿ ಬಂತು. ದಾರಿ ಮುಚ್ಚುತ್ತಾರೆಂದು ಊರಿನ ಹೆಂಗಸರೇ ತಕರಾರು ಕೊಟ್ಟಿದ್ದರು. ಭರತ ಓಡಿ ಬಂದ. "ಲಗೂ ಸುತ್ರಿ. ಪಡದಾ ಬಿಚ್ಚಿ ಮ್ಯಾಲೆ ಕಟ್ರಿ. ಕೊಕ್ಕಿ ಮ್ಯಾಲೆ ಮಣ್ಣು ಎಳೀರಿ." ಸಾಜಿದ್ ಮಣ್ಣು ಎಳೆದ.

ಸಾಹೇಬ ಕಾರಿನಿಂದ ಇಳಿದಾಗ ದಾರಿ ಬಯಲಾಗಿತ್ತು. ಎಮ್ಮೆಯ ಹಗ್ಗ ಹಿಡಿದ ಕೃಷ್ಣವ್ವ ಮತ್ತು ಊರಿನ ಹೆಂಗಸರು ಬಂಡೆಯ ಬದಿಗೆ ನಿಂತಿದ್ದರು. ಸಾವಕಾರ ಬಿಳಿ ಅಂಗಿಯಲ್ಲಿ ಬಂದು ಕೈ ಮುಗಿದ.

"ದಾರಿ ಎಲ್ಲಿ ಮುಚ್ಚೇದ್ರಿ ಸಾಹೇಬ್ರ? ನೀವ ನೋಡ್ರಿ."

"ಮುಚ್ಚಿದ್ರಿ. ಮುಚ್ಚೂ ಬಟ್ಟಿ ಆ ಪಟ್ಟಿಗ್ಯಾಗ ಐತಿ," ಎಂದು ಸೋಮವ್ವ ಗೋಡೆಯ ಮೇಲಿನ ಉದ್ದನೆಯ ಡಬ್ಬಿ ತೋರಿಸಿದಳು.

ಸಾವಕಾರ ನಕ್ಕ. "ಅದನ್ನ ಈ ಬೈಲಹೊಂಗಲದ ಸಾಬರು ಜಾಗಾ ತಪ್ಪಿ ಕೂಡಿಸ್ಯಾರ್ರಿ. ನಾ ಊರಾಗ ಇರಲಿಲ್ಲ. ಹೇಳಿದ್ದೊಂದು, ಇವರು ಮಾಡಿದ್ದೊಂದು. ಇವರ ಮ್ಯಾಲೆ ನಾನ ಕಂಪ್ಲೇಂಟ್ ಕೊಡಾಂವ ಅದೇನಿ."

ಸಾಜಿದ್ ಗೌಸನ ಅಂಗಿ ಹಿಡಿದು ಜಗ್ಗಿದ. "ಬ್ಯಾಡ ಭಾಯಿ."

ಗೌಸ ಕೈ ಬಿಡಿಸಿಕೊಂಡ. ಕರೆಂಟು ಹೋದಾಗ ಚಪ್ಪರ ಬಿಚ್ಚಲು ತಿರುಗಿಸುವ ಉದ್ದನೆಯ ಹಿಡಿಕೆ ಗೋಡೆಗೆ ಒರಗಿತ್ತು. ಅದನ್ನು ಡಬ್ಬಿಯ ಕೆಳಗಿನ ಕೊಂಡಿಗೆ ಸಿಕ್ಕಿಸಿ ತಿರುಗಿಸತೊಡಗಿದ. ತೋಳುಗಳು ಚಾಚಿದವು. ಬಟ್ಟೆ ಬಂಡೆಯ ತನಕ ಬಂತು. ಕಟ್ಟಿದ ಪರದೆಗಳನ್ನು ಬಿಚ್ಚಿ ಇಳಿಬಿಟ್ಟ. ಕಾಲಿನಿಂದ ಮಣ್ಣು ಸರಿಸಿ ಬುಡವನ್ನು ಕೊಕ್ಕೆಗೆ ಬಿಗಿದ. ನೀರು ಕಾಣದಾಯಿತು.

"ಈಗ ಹೇಳ್ರಿ ಸಾಹೇಬ್ರ, ದಾರಿ ಎಲ್ಲೈತಿ? ಇಷ್ಟು ತಳಗ ಕೂಡಸು ಅಂದಾವರು ಇವರು. ಕೊಕ್ಕಿ ಹುಗಿ ಅಂದಾವರು ಇವರು. ನೀವು ಬರತೀರಿ ಅಂತ ಮಣ್ಣು ಮುಚ್ಚಿಸಿದಾವರೂ ಇವರ."

ಭರತ ಹೆಜ್ಜೆ ಮುಂದಿಟ್ಟು ನಿಂತ. ಸಾಹೇಬ ಪರದೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಸಾವಕಾರನ ಮುಖ ನೋಡಿದ. ಆಮೇಲೆ ಅಂದ, "ಇದು ಬಟ್ಟಿ ಅಲ್ಲೇನ್ರಿ. ಕಟ್ಟಡ ಅಂತ ಬರಿಯಾಕ ಬರಂಗಿಲ್ಲ. ಬೇಕಂದಾಗ ಸುತ್ತತೈತಿ."

"ಅದನ್ನ ನಾ ಹೇಳೂದ್ರಿ," ಎಂದ ಸಾವಕಾರ. "ಬರ್ರಿ, ಊಟಾ ಮಾಡೂಣು." ಮೊದಲು ಪರದೆಯ ಬುಡ ಬಿಚ್ಚಲು ಭರತನಿಗೆ ಸನ್ನೆ ಮಾಡಿದ. ಆಮೇಲೆ ಕಿಸೆಯಿಂದ ರಿಮೋಟ್ ತೆಗೆದು ಒತ್ತಿದ. ಮೋಟರು ಗುಂಯ್‌ಗುಟ್ಟಿತು. ಬಟ್ಟೆ ಹಿಂದೆ ಸರಿಯತೊಡಗಿತು.

ಕೃಷ್ಣವ್ವ ಎಮ್ಮೆಯ ಹಗ್ಗ ಬಿಟ್ಟಳು. ಎರಡೂ ಕೈಯೆತ್ತಿ ಬಟ್ಟೆಯ ಮುಂದಿನ ಸರಳು ಹಿಡಿದಳು. ಅದು ಅಷ್ಟು ಕೆಳಗಿತ್ತು.

"ಸುತ್ತಬ್ಯಾಡ್ರಿ. ಇಡೀ ಊರು ಬಂದು ನೋಡ್ಲಿ. ನೋಡಿದ್ದನ್ನ ಸಾಹೇಬ್ರು ಬರೀಲಿ. ಅಲ್ಲೀತನಕಾ ಇದು ಒಳಗ ಹೋಗಂಗಿಲ್ಲ."

ಸೋಮವ್ವ ಹಿಡಿದಳು. ಹಿಂದಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಹಿಡಿದರು. ಗೌಸ ಅವರ ನಡುವೆ ಜಾಗ ಮಾಡಿಕೊಂಡ. ಬಳೆಗಳು ಸರಳಿಗೆ ತಾಗಿ ಸದ್ದಾಯಿತು.

"ಬಿಡ್ರಿ, ಮಷೀನ್ ಸುಟ್ಟೀತು," ಎಂದ ಭರತ. ಯಾರೂ ಬಿಡಲಿಲ್ಲ. ಸಾವಕಾರ ಮತ್ತೆ ಒತ್ತಿದ. ಒತ್ತಿಯೇ ಹಿಡಿದ. ಸಾಜಿದ್ ಒಂದು ಗಳಿಗೆ ಗೇಟಿನ ಕಡೆ ನೋಡಿದ. ಆಮೇಲೆ ಚೀಲವನ್ನು ನೆಲಕ್ಕಿಟ್ಟು ಬಂದು ತುದಿಗೆ ಕೈ ಹಾಕಿದ.

ಮೋಟರು ನರಳಿತು, ಬಿಸಿ ಎಣ್ಣೆಯ ವಾಸನೆ ಬಂತು, ಆಮೇಲೆ ಬಟ್ಟೆಯನ್ನು ದಾರಿಯ ಮೇಲೆಯೇ ಬಿಟ್ಟು ನಿಂತುಬಿಟ್ಟಿತು. ಊಟಕ್ಕೆಂದು ತಿರುಗಿದ್ದ ಸಾಹೇಬ ಅಲ್ಲೇ ನಿಂತ. ಗದ್ದಲ ಕೇಳಿ ಮೇಲಿನ ಊರಿನಿಂದ ಜನ ದಾರಿಯಿಡೀ ಇಳಿದು ಬರುತ್ತಿದ್ದರು.